ಕೊಡುವ ಕೈ ನಿಂತಾಗ

(ಬೆಟ್ಟದ ತಪ್ಪಲಿನ ಗ್ರಾಮಗಳ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ತಿಂಗಳ ಸಭೆಯಲ್ಲಿ ರಾಗಿಯ ಬೀಜೋಪಚಾರದ ವಿಷಯವಾಗಿ ನಾನು ನಾಲ್ಕು ಮಾತು ಆಡಬೇಕೆಂದು ಗೊತ್ತಾಗಿತ್ತು. ಅದಕ್ಕೆ ಬೇಕಾದ ಕರಪತ್ರವನ್ನು ಹಂಚಿಯೂ ಆಗಿದೆ. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಿಯಾರು. ಇಂದು ಬೇರೆ ಒಂದು ವಿಷಯವನ್ನು ತಮ್ಮ ಮುಂದೆ ಇಡಬೇಕಾಗಿದೆ. ಶ್ರಾವಣ ಹತ್ತಿರ ಬಂತು. ಬೆಟ್ಟದ ಹನುಮಂತರಾಯನ ಗುಡಿಗೆ ಶನಿವಾರದ ಜನ ಬರಲು ಮೊದಲಾಗುತ್ತದೆ. ಮಂಗಗಳಿಗೆ ತಿನ್ನಲು ಹಾಕುವುದನ್ನು ಈ ಶ್ರಾವಣದಿಂದಲೇ ನಿಲ್ಲಿಸಬೇಕೆಂದು ಕೆಲವರು, ನಿಲ್ಲಿಸಕೂಡದೆಂದು ಕೆಲವರು, ಸ್ವಲ್ಪ ಸ್ವಲ್ಪವಾಗಿ ಕಡಮೆ ಮಾಡೋಣವೆಂದು ಇನ್ನು ಕೆಲವರು ನನ್ನನ್ನು ಕಂಡು ಹೇಳಿದ್ದಾರೆ. ಈ ಮೂರು ಮಾತಿನಲ್ಲಿ ಕೇಳಲು ಬಹು ಹಿತವಾಗಿರುವುದು ಮೂರನೆಯದು. ನನಗೆ ಹೆದರಿಕೆ ಹುಟ್ಟಿಸಿರುವುದೂ ಅದೇ. ಏಕೆಂಬುದನ್ನು ಹೇಳುತ್ತೇನೆ, ಸಾವಧಾನವಾಗಿ ಕೇಳಬೇಕು.

ಕಳೆದ ಮಾಘದಲ್ಲಿ ನಾವು ಮಾಡಿದ ಪ್ರಯತ್ನ ತಮಗೆಲ್ಲರಿಗೂ ನೆನಪಿದೆ. ಹೊಲದಲ್ಲಿ ಬೆಳೆ ಇಲ್ಲದ ಕಾಲ ನೋಡಿ, ಅರಳಿಕಟ್ಟೆಯ ಮೇಲೆ ಸೇರಿ, ಇನ್ನು ಮುಂದೆ ಮಂಗಗಳಿಗೆ ಬಾಳೆಹಣ್ಣು, ಕಡಲೆ, ಬೆಲ್ಲ ಯಾವುದನ್ನೂ ಹಾಕುವುದಿಲ್ಲವೆಂದು ಒಪ್ಪಿದೆವು. ಬೆಟ್ಟದ ಮೇಲೆ ಅತ್ತಿಯೂ ಆಲವೂ ಬಸರಿಯೂ ಇವೆ. ಹಣ್ಣು, ಚಿಗುರು, ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿ ಅದು. ಒಂದು ವಾರ ತಡೆದುಕೊಳ್ಳಿ, ತಾವಾಗಿಯೇ ಬೆಟ್ಟ ಹತ್ತುತ್ತವೆ ಎಂದು ಅಂದು ಎದ್ದು ನಿಂತು ಹೇಳಿದವನು ನಾನೇ. ಮೊದಲ ಮೂರು ದಿನ ಅವು ಗುಡಿಯ ಪೌಳಿಯ ಮೇಲೆ ಸುಮ್ಮನೆ ಕುಳಿತು ನಮ್ಮ ಕೈ ನೋಡಿದವು. ನಾಲ್ಕನೆಯ ದಿನದಿಂದ ಊರೊಳಕ್ಕೆ ಇಳಿದವು. ಹೆಂಚು ತೆಗೆದವು, ಒಣಹಾಕಿದ ಸಂಡಿಗೆ ಚೆಲ್ಲಿದವು, ಅರ್ಚಕರ ಕೈಬುಟ್ಟಿಯನ್ನೇ ಕಿತ್ತುಕೊಂಡವು. ಹಿಂದೆ ಎಂದೂ ಹಲ್ಲು ತೋರಿಸದ ಗಡವಗಳು ಹಲ್ಲು ತೋರಿಸಿದವು. ಒಂಬತ್ತನೆಯ ದಿನ ಶಾಲೆಯಿಂದ ಬರುತ್ತಿದ್ದ ಹೆಣ್ಣುಮಗುವೊಂದರ ಚೀಲಕ್ಕೆ ಕೈಹಾಕಿ ಮುಂಗೈ ಪರಚಿದವು. ಆ ಸಂಜೆ ಊರಿನವರೆಲ್ಲರೂ ಸೋತು, ಇದ್ದಬದ್ದ ಹಣ್ಣನ್ನೆಲ್ಲ ತಂದು ಗುಡಿಯ ಮುಂದೆ ಸುರಿದರು. ನಾನು ತಡೆಯಲಿಲ್ಲ. ತಡೆಯಲಿಲ್ಲವೆಂಬುದಷ್ಟೇ ಅಲ್ಲ, ಕೈಯಲ್ಲಿದ್ದ ಅರ್ಧ ಚಿಪ್ಪು ಬಾಳೆಹಣ್ಣನ್ನು ನಾನೂ ಎಸೆದೆ.

(ಮಾತಿನ ನಡುವೆ ಒಂದು ಸೂಚನೆ. ಮಂಗ ಕಚ್ಚಿದರೆ ಅಥವಾ ಪರಚಿದರೆ ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳುತ್ತಾರೆ.)

ಒಂದು ವಾರ ಎಂದು ನಾನು ಹೇಳಿದ್ದು ತಪ್ಪು. ಆದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ನಿಲ್ಲಿಸಿದ ಮೇಲೆ ಮೊದಲು ಹೆಚ್ಚಾಗಿ, ಆಮೇಲೆ ಕಡಮೆಯಾಗುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ನಾಲ್ಕನೆಯ ದಿನ ನಮಗೆ ಆಶ್ಚರ್ಯವಾಗುತ್ತಿರಲಿಲ್ಲ.

ಈ ವಿಷಯ ತಮಗೆ ಹೊಸದೇನಲ್ಲ. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಹಿಂಡಿ ಇಟ್ಟು ಅಭ್ಯಾಸ ಮಾಡಿದ ಹಸುವಿನ ಮುಂದೆ ಒಂದು ದಿನ ಬರಿಯ ಬಾನಿಯನ್ನಿಟ್ಟು ನೋಡಿ. ಬಾನಿಯನ್ನು ಮೂತಿಯಿಂದ ತಳ್ಳುತ್ತದೆ, ಕಾಲು ಝಾಡಿಸುತ್ತದೆ, ಸೊರೆ ಬಿಡುವುದಿಲ್ಲ. ನಿನ್ನೆಯವರೆಗೆ ಸಾಧುವಾಗಿದ್ದ ಹಸು ಇಂದು ಹಾದಿ ತಪ್ಪಿತು ಎನ್ನುತ್ತೇವೆ. ಹಸು ಹಾದಿ ತಪ್ಪಿಲ್ಲ, ಹಾದಿಯೇ ಬದಲಾಯಿತು. ಊಟದ ಹೊತ್ತಿಗೆ ಬಾಗಿಲಿಗೆ ಬರುವ ನಾಯಿಯೂ ಅಷ್ಟೆ. ತುತ್ತು ಹಾಕುವುದನ್ನು ನಿಲ್ಲಿಸಿದ ದಿನ ಅದು ಹಿಂದಿಗಿಂತ ಜೋರಾಗಿ ಬಾಗಿಲು ಕೆರೆಯುತ್ತದೆ.

ಇದನ್ನು ಅಳತೆಮಾಡಿ ನೋಡಿದವರಲ್ಲಿ ಮುಖ್ಯರಾದವರು ಅಮೆರಿಕ ದೇಶದ ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು. 1904ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡರು. ಇವರು 1930ರ ಸುಮಾರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇಲಿಗಳನ್ನು ಸಾಕಿ, ಒಂದು ಪೆಟ್ಟಿಗೆ ಮಾಡಿ, ಅದರೊಳಗೆ ಒಂದು ಸಣ್ಣ ಸನ್ನೆಯನ್ನಿಟ್ಟರು. ಇಲಿ ಸನ್ನೆಯನ್ನು ಒತ್ತಿದರೆ ಒಂದು ಗುಳಿಗೆ ಆಹಾರ ಬೀಳುತ್ತದೆ. ಎಷ್ಟು ಸಲ ಒತ್ತಿತು ಎಂಬುದನ್ನು ಕಾಗದದ ಮೇಲೆ ಗೆರೆ ಎಳೆಯುವ ಯಂತ್ರ ತಾನೇ ಬರೆದಿಡುತ್ತದೆ. ಒಂದು ಶುಕ್ರವಾರ ಇವರು ಹತ್ತಿರ ಇಲ್ಲದಾಗ ಗುಳಿಗೆ ಬೀಳಿಸುವ ಭಾಗ ಸಿಕ್ಕಿಹಾಕಿಕೊಂಡಿತು. ಇಲಿ ಒತ್ತುತ್ತಲೇ ಇದೆ, ಗುಳಿಗೆ ಬೀಳುತ್ತಿಲ್ಲ. ಹಿಂದಿರುಗಿ ಬಂದು ನೋಡಿದರೆ, ಕೊಡುವುದು ನಿಂತಾಗ ಪ್ರಾಣಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಗೆರೆ ಕಾಗದದ ಮೇಲೆ ಅಚ್ಚುಕಟ್ಟಾಗಿ ಮೂಡಿತ್ತು. ಇದನ್ನು ಹೇಳೋಣವೆಂದರೆ ಆ ಹೊತ್ತಿನಲ್ಲಿ ಅಲ್ಲಿ ಒಬ್ಬರೂ ಇರಲಿಲ್ಲವಂತೆ. ಯಾರಿಗೂ ತಿಳಿಸದೆ ತಾನು ಸತ್ತರೆ ಇದು ಕಳೆದುಹೋದೀತೆಂದು ಆ ಶನಿವಾರ ಭಾನುವಾರವೆಲ್ಲ ರಸ್ತೆ ದಾಟುವಾಗ ಬಹು ಎಚ್ಚರಿಕೆಯಿಂದ ದಾಟಿದರೆಂದು ಅವರೇ ಬರೆದಿದ್ದಾರೆ. ನಮ್ಮಲ್ಲಿ ಕೆಟ್ಟ ಪಂಪುಸೆಟ್ಟನ್ನು ನೋಡಿ ಇಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ಇಂಥ ಪ್ರಯೋಗಗಳನ್ನು ಆಮೇಲೆ ಎಷ್ಟೋ ಜನ ಎಷ್ಟೋ ಪ್ರಾಣಿಗಳಲ್ಲಿ ಮಾಡಿ ನೋಡಿದರು. ಕೊಡುವುದು ನಿಂತ ಕೂಡಲೆ ಪ್ರಾಣಿ ಬಿಟ್ಟುಬಿಡುವುದಿಲ್ಲ. ಅನೇಕ ಸಲ ಮೊದಲು ಹಿಂದಿಗಿಂತ ಜೋರಾಗಿ, ಮೇಲಿಂದ ಮೇಲೆ ಒತ್ತುತ್ತದೆ. ಸನ್ನೆಯನ್ನು ಕಚ್ಚುತ್ತದೆ, ಪಕ್ಕದಲ್ಲಿರುವುದರ ಮೇಲೆ ಬೀಳುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇಳಿದು ನಿಂತಿತೆಂದುಕೊಂಡು ಒಂದು ದಿನ ಬಿಟ್ಟು ಮತ್ತೆ ಪೆಟ್ಟಿಗೆಗೆ ಹಾಕಿದರೆ, ಇಂದಾದರೂ ಬಿದ್ದೀತೇ ಎಂಬಂತೆ ಮತ್ತೆ ಸ್ವಲ್ಪ ಹೊತ್ತು ಒತ್ತಿ ನೋಡುತ್ತದೆ. ಆಗಲೂ ಬೀಳದಿದ್ದರೆ ಇನ್ನೂ ಬೇಗ ಬಿಡುತ್ತದೆ.

ಹಾಗಾದರೆ ನಮ್ಮ ಒಂಬತ್ತನೆಯ ದಿನ ಏನಾಯಿತು? ಜೋರಾಗಿ ಒತ್ತುವ ಹೊತ್ತಿನಲ್ಲಿಯೇ ನಾವು ಗುಳಿಗೆ ಬೀಳಿಸಿದೆವು. ಕೈನೋಡಿ ಕುಳಿತ ಮೂರು ದಿನ ಏನೂ ಕೊಡದೆ, ಹೆಂಚು ತೆಗೆದು ಮಗುವನ್ನು ಪರಚಿದ ದಿನ ಬುಟ್ಟಿಗಟ್ಟಲೆ ಕೊಟ್ಟೆವು. ಸುಮ್ಮನೆ ಕುಳಿತರೆ ಇಲ್ಲ, ಮೇಲೆ ಬಿದ್ದರೆ ಉಂಟು ಎಂದು ಪಾಠ ಹೇಳಿದಂತಾಯಿತು. ಅಂದಿನಿಂದ ಈಚೆಗೆ ಅವು ಬುಟ್ಟಿ ಕಂಡರೆ ನೇರವಾಗಿ ಮೈಮೇಲೆ ಬರುತ್ತಿರುವುದನ್ನು ತಾವೇ ನೋಡುತ್ತಿದ್ದೀರಿ.

ಈಗ ಆ ಮೂರನೆಯ ಮಾತಿಗೆ ಬರುತ್ತೇನೆ. ದಿನವೂ ಹಾಕುವುದು ಬೇಡ, ಶನಿವಾರ ಮಾತ್ರ ಹಾಕೋಣ, ಆಮೇಲೆ ಹಬ್ಬಕ್ಕೆ ಮಾತ್ರ, ಆಮೇಲೆ ನಿಲ್ಲಿಸೋಣ ಎನ್ನುತ್ತೀರಿ. ಇದಕ್ಕೂ ಸ್ಕಿನ್ನರ್ ಅವರ ಕೋಣೆಯಲ್ಲಿ ನಡೆದ ಒಂದು ಸಂಗತಿ ಇದೆ. ಆ ಗುಳಿಗೆಗಳನ್ನು ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಔಷಧದ ಗುಳಿಗೆ ಮಾಡುವ ಸಾಧನದಿಂದ ಅವರೇ ಕೈಯಿಂದ ಮಾಡಿಕೊಳ್ಳಬೇಕಾಗಿತ್ತು. 8 ಇಲಿಗಳು, ದಿನಕ್ಕೆ ತಲಾ 100 ಗುಳಿಗೆ. ಒಂದು ಶನಿವಾರ ಮಧ್ಯಾಹ್ನ ಲೆಕ್ಕಹಾಕಿದರೆ, ಆ ಸಂಜೆಯೆಲ್ಲ ಕುಳಿತು ಗುಳಿಗೆ ಮಾಡದಿದ್ದರೆ ಸೋಮವಾರ ಬೆಳಗ್ಗೆ ಹತ್ತೂವರೆಗೆ ದಾಸ್ತಾನು ಮುಗಿಯುತ್ತದೆ. ಅವರಿಗೆ ಬೇಸರವಾಗಿ, ಒತ್ತಿದಾಗಲೆಲ್ಲ ಕೊಡುವುದೇಕೆ, ಒಂದು ನಿಮಿಷಕ್ಕೆ ಒಂದೇ ಕೊಡೋಣ ಎಂದು ಬದಲಾಯಿಸಿದರು. ಇಲಿಗಳು ಬಿಟ್ಟವೇ? ಬಿಡಲಿಲ್ಲ, ಒಂದೇ ಸಮನಾಗಿ ಒತ್ತುತ್ತಲೇ ಇದ್ದವು. ಒಮ್ಮೆ ಕೊಟ್ಟು ಒಮ್ಮೆ ಕೊಡದೆ ಬೆಳೆಸಿದ ಅಭ್ಯಾಸವು, ಪ್ರತಿಸಲ ಕೊಟ್ಟು ಬೆಳೆಸಿದ ಅಭ್ಯಾಸಕ್ಕಿಂತ ಸಾಯಲು ಬಹಳ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಆಮೇಲೆ ಮತ್ತೆ ಮತ್ತೆ ಖಚಿತವಾಯಿತು. ಕಾರಣ ಸುಲಭ. ಪ್ರತಿಸಲ ಸಿಗುತ್ತಿದ್ದವನಿಗೆ ಒಂದು ದಿನ ಸಿಗದಿದ್ದರೆ ಏನೋ ಬದಲಾಯಿತೆಂದು ತಿಳಿಯುತ್ತದೆ. ಹತ್ತರಲ್ಲಿ ಒಮ್ಮೆ ಸಿಗುತ್ತಿದ್ದವನಿಗೆ ಇಪ್ಪತ್ತು ಸಲ ಸಿಗದಿದ್ದರೂ ತಿಳಿಯುವುದಿಲ್ಲ; ಇಪ್ಪತ್ತೊಂದನೆಯದಕ್ಕೆ ಕಾಯುತ್ತಾನೆ. ಶನಿವಾರ ಮಾತ್ರ, ಹಬ್ಬಕ್ಕೆ ಮಾತ್ರ ಎಂದು ತೆಳುಮಾಡುತ್ತ ಹೋದರೆ ನಾವು ಮಂಗಗಳಿಗೆ ಬಿಡುವುದನ್ನು ಕಲಿಸುವುದಿಲ್ಲ, ಕಾಯುವುದನ್ನು ಕಲಿಸುತ್ತೇವೆ.

ಮಂಗಗಳ ವಿಷಯ ಸಾಕು, ಮನುಷ್ಯರ ವಿಷಯ ಹೇಳು ಎಂದು ಹಿಂದಿನ ಸಾಲಿನ ಗೌಡರು ನಗುತ್ತಿದ್ದಾರೆ. ಹೇಳುತ್ತೇನೆ, ನನ್ನಿಂದಲೇ ಆರಂಭಿಸುತ್ತೇನೆ.

ನಾನು ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದ ಹೊಸತು. ಎಲ್ಲರ ಮನೆಯ ಹಿಂದೆಯೂ ತಿಪ್ಪೆ ಉಂಟು, ಕಾಂಪೋಸ್ಟ್ ಗುಂಡಿ ಮಾತ್ರ ಇಲ್ಲ. ಸೆಗಣಿ ಬಿಸಿಲಿಗೆ ಒಣಗಿ, ಮಳೆಗೆ ತೊಳೆದು, ಅದರ ಸಾರವೆಲ್ಲ ಚರಂಡಿಗೆ. ಗುಂಡಿ ತೋಡಿ ಪದರ ಪದರವಾಗಿ ಕಸಕಡ್ಡಿ, ಹಸಿರೆಲೆ, ಸೆಗಣಿ ಬಗ್ಗಡ ತುಂಬಿ ಮೇಲೆ ಮಣ್ಣು ಮೆತ್ತಿ ಎಂದು ಮನೆಮನೆಗೆ ಹೇಳಿದೆ. ಯಾರೂ ಕೇಳಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ಮಾಘ, ಫಾಲ್ಗುಣ, ಚೈತ್ರ ಮೂರು ತಿಂಗಳು, ತಿಂಗಳಿಗೊಮ್ಮೆ ಗುಂಡಿಗಳನ್ನು ನೋಡಿ, ಚೆನ್ನಾಗಿ ಇಟ್ಟವರಿಗೆಲ್ಲ ಒಂದು ಬಾಂಡ್ಲಿಯನ್ನೋ ಸಲಿಕೆಯನ್ನೋ ಬಹುಮಾನ ಕೊಡುವುದೆಂದು ಸಾರಿದೆ. ಊರೇ ಎದ್ದಿತು. ಬೀದಿಗೆ ಬೀದಿ ಗುಂಡಿ. ಮೇಲಧಿಕಾರಿಗಳು ಬಂದು ನೋಡಿ ನನ್ನ ಬೆನ್ನು ತಟ್ಟಿದರು. ಚೈತ್ರ ಮುಗಿಯಿತು, ಹಣ ಮುಗಿಯಿತು, ಬಹುಮಾನ ನಿಂತಿತು. ಆಷಾಢದಲ್ಲಿ ಹೋಗಿ ನೋಡಿದರೆ ಗುಂಡಿಗಳಲ್ಲಿ ಮಳೆನೀರು ನಿಂತು ಕಪ್ಪೆ ಕೂಗುತ್ತಿದ್ದವು. ಮೂರು ಮನೆಯವರು ಮಾತ್ರ ಬಿಡದೆ ತುಂಬುತ್ತಿದ್ದರು.

ಜನಕ್ಕೆ ಆಸೆ ಬಹುಮಾನದ ಮೇಲೆ, ಕೆಲಸದ ಮೇಲಲ್ಲ ಎಂದು ನಾನು ಅಂದು ಸಿಟ್ಟಿನಿಂದ ದಿನಚರಿಯಲ್ಲಿ ಬರೆದಿಟ್ಟೆ. ಈಗ ಆ ಪುಟ ನೋಡಿದರೆ ನಾಚಿಕೆಯಾಗುತ್ತದೆ. ಲೆಕ್ಕಹಾಕಿ ನೋಡಿ. ಮಾಘದಲ್ಲಿ ತುಂಬಿದ ಗುಂಡಿ ಹದವಾಗಿ ಕೊಳೆಯುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಆ ಗೊಬ್ಬರ ಹೊಲಕ್ಕೆ ಬೀಳುವುದು ಮುಂಗಾರಿಗೆ. ಅದರ ಗುಣ ರಾಗಿಯ ತೆನೆಯಲ್ಲಿ ಕಾಣುವುದು ಕಾರ್ತಿಕ, ಮಾರ್ಗಶಿರದಲ್ಲಿ. ನಾನು ಕೈಹಿಂದಕ್ಕೆ ತೆಗೆದದ್ದು ಚೈತ್ರದಲ್ಲಿ. ಹೊಲ ಕೊಡಲು ಆರಂಭಿಸುವ ಮುಂಚೆ ಏಳು ತಿಂಗಳ ಕಾಲ ಯಾರೂ ಏನೂ ಕೊಡದ ಬಯಲು. ಅಷ್ಟು ದೂರ ಬರಿಗೈಯಲ್ಲಿ ನಡೆಯಿರಿ ಎಂದು ಹೇಳಿ, ನಡೆಯಲಿಲ್ಲವೆಂದು ಬೈದೆ. ಬಿಡದೆ ತುಂಬಿದ ಆ ಮೂರು ಮನೆಯಲ್ಲಿ ಒಂದು ಮನೆಯ ಅಜ್ಜಿಯನ್ನು ಕೇಳಿದೆ, ‘ಎಲ್ಲರೂ ಬಿಟ್ಟರಲ್ಲ ಅಜ್ಜೀ, ನೀವೇಕೆ ಬಿಡಲಿಲ್ಲ?’ ಎಂದು. ‘ನಮ್ಮಪ್ಪನ ಮನೆಯಲ್ಲಿ ಗುಂಡಿ ಗೊಬ್ಬರ ಹಾಕಿದ ಹೊಲದ ರಾಗಿ ನೋಡಿದ್ದೆ ಮಗಾ. ನಿನ್ನ ಬಾಂಡ್ಲಿ ಕಾಣದವಳೇ ನಾನು?’ ಎಂದರು. ಇನ್ನಿಬ್ಬರೂ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಹೇಳಿದರು. ಅವರಿಗೆ ಕೊಡುತ್ತಿದ್ದವನು ನಾನಲ್ಲ, ಹೊಲ.

ನಾನು ಆಗ ಮಾಡಬೇಕಾಗಿದ್ದದ್ದು ಬೇರೆ. ಮೊದಲ ಎರಡು ತಿಂಗಳು ಪ್ರತಿಸಲ ಕೊಟ್ಟು, ಆಮೇಲೆ ಎರಡು ತಿಂಗಳಿಗೊಮ್ಮೆ, ಆಮೇಲೆ ಯಾವ ದಿನ ಬರುತ್ತೇನೆಂದು ಹೇಳದೆ ಎಂದೋ ಒಂದು ದಿನ ಬಂದು ನೋಡಿ ಕೊಟ್ಟು, ಹೀಗೆ ತೆಳುಮಾಡುತ್ತ ರಾಗಿ ಕೊಯ್ಲಿನವರೆಗೆ ಎಳೆಯಬೇಕಾಗಿತ್ತು. ಅಷ್ಟೇ ಹಣದಲ್ಲಿ ಆಗುತ್ತಿತ್ತು. ಬಾಂಡ್ಲಿಯೇ ಬೇಕೆಂದೂ ಇಲ್ಲ. ಗುಂಡಿಯ ಬದಿಯಲ್ಲಿ ನಿಂತು ನಾಲ್ಕು ಜನರ ಮುಂದೆ ‘ಚೆನ್ನಾಗಿಟ್ಟಿದ್ದೀರಿ’ ಎಂದಿದ್ದರೂ ಕೆಲವರಿಗೆ ಸಾಕಾಗುತ್ತಿತ್ತು. ಉಳಿಯಬೇಕಾದ ಅಭ್ಯಾಸವನ್ನು ಒಮ್ಮೆಲೇ ಕತ್ತರಿಸಿದೆ. ಅಳಿಯಬೇಕಾದ ಅಭ್ಯಾಸವನ್ನು, ಮಂಗಗಳ ವಿಷಯದಲ್ಲಿ, ಬಿಟ್ಟು ಬಿಟ್ಟು ಕೊಟ್ಟು ಗಟ್ಟಿಮಾಡಿದೆ. ಎರಡು ಕಡೆಯೂ ತಿರುವುಮುರುವು.

ಕೊಡುವುದೇ ತಪ್ಪು, ಬಹುಮಾನವೆಂದರೆ ಲಂಚ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಸೇವಾ ಮಂದಿರವೆಂಬ ಸಂಸ್ಥೆ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಶಿಬಿರ ನಡೆಸಿತು. ಮುಂದೆ 2019ರಲ್ಲಿ ನೊಬೆಲ್ ಬಹುಮಾನ ಪಡೆದವರಲ್ಲಿ ಇಬ್ಬರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರು ಸಂಗಡಿಗರೊಂದಿಗೆ ಅದರ ಲೆಕ್ಕವಿಟ್ಟು 2010ರಲ್ಲಿ ಪ್ರಕಟಿಸಿದರು. ಒಟ್ಟು 134 ಹಳ್ಳಿ. ಶಿಬಿರವಿಲ್ಲದ ಹಳ್ಳಿಗಳಲ್ಲಿ ಚುಚ್ಚುಮದ್ದು ಪೂರ್ತಿಯಾಗಿ ಹಾಕಿಸಿಕೊಂಡ ಮಕ್ಕಳು 100ಕ್ಕೆ 6. ತಪ್ಪದೆ ಶಿಬಿರ ನಡೆದ ಹಳ್ಳಿಗಳಲ್ಲಿ 18. ಶಿಬಿರದ ಜೊತೆಗೆ ಬಂದಾಗಲೆಲ್ಲ ಒಂದು ಕಿಲೋ ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆಗಳನ್ನು ಕೊಟ್ಟ ಹಳ್ಳಿಗಳಲ್ಲಿ 39. ಆ ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಚುಚ್ಚುಮದ್ದಿನ ಫಲ ಎಂದೋ ಬಾರದೆ ಹೋಗುವ ರೋಗ. ಅದು ಕಣ್ಣಿಗೆ ಕಾಣುವುದಿಲ್ಲ. ಕೂಲಿ ತಪ್ಪುವುದು, ಮಗು ಅಳುವುದು ಇಂದೇ ಕಾಣುತ್ತದೆ. ಒಂದು ಕಿಲೋ ಬೇಳೆ ಆ ಇಂದಿನ ತಕ್ಕಡಿಯನ್ನು ಸ್ವಲ್ಪ ವಾಲಿಸಿತು. ಗೊಬ್ಬರದ ಗುಂಡಿಯೂ ಇದೇ ಜಾತಿಯದು.

ಇನ್ನು ದಂಡದ ವಿಷಯ. ದನ ಬೇರೆಯವರ ಹೊಲಕ್ಕೆ ನುಗ್ಗಿದರೆ ದಂಡವನ್ನು ಏರಿಸಿ ಎಂಬ ಅರ್ಜಿಗೆ ನಮ್ಮಲ್ಲಿ ಸಹಿ ಹಾಕಿಸಲಾಗುತ್ತಿದೆ. ಸಹಿ ಹಾಕುವ ಮುಂಚೆ ಇದನ್ನು ಕೇಳಿ. ಇಸ್ರೇಲ್ ದೇಶದ ಹೈಫಾ ನಗರದಲ್ಲಿ 10 ಶಿಶುವಿಹಾರಗಳನ್ನು ಹಿಡಿದು ಗ್ನೀಜಿ ಮತ್ತು ರುಸ್ತಿಕೀನಿ ಎಂಬಿಬ್ಬರು ಒಂದು ಪರೀಕ್ಷೆ ಮಾಡಿದರು. 2000ದಲ್ಲಿ ಅದು ಅಚ್ಚಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ 6 ಶಿಶುವಿಹಾರಗಳಲ್ಲಿ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಮೆಯಾಗಲಿಲ್ಲ, ಹೆಚ್ಚಾದರು, ಹೆಚ್ಚುಕಡಮೆ ಎರಡರಷ್ಟಾದರು. ಮೊದಲು ಉಪಾಧ್ಯಾಯಿನಿ ಕಾಯುತ್ತಾರಲ್ಲಾ ಎಂಬ ಸಂಕೋಚವಿತ್ತು. ಈಗ ದುಡ್ಡು ಕೊಟ್ಟರೆ ತೀರಿತು. ಕೆಲವು ವಾರದ ಮೇಲೆ ದಂಡ ತೆಗೆದುಹಾಕಿದರು. ಸಂಕೋಚ ತಿರುಗಿ ಬರಲಿಲ್ಲ. ತಡವಾಗಿ ಬರುವವರು ಅಷ್ಟೇ ಉಳಿದರು. ನಮ್ಮ ಊರಿನಲ್ಲಿಯೂ ದನ ನುಗ್ಗಿದರೆ ಮೊದಲು ಹೊಲದವರ ಮನೆ ಬಾಗಿಲಿಗೆ ಹೋಗಿ ‘ತಪ್ಪಾಯಿತಣ್ಣ’ ಎನ್ನುವ ಪದ್ಧತಿ ಇತ್ತು. ಈಗ ಒಬ್ಬಿಬ್ಬರು ದಂಡದ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡೇ ದನ ಬಿಡುತ್ತಾರೆ. ಒಂದು ರಾತ್ರಿಯ ಹಸಿಮೇವಿಗೆ ಆ ಬೆಲೆ ಅಗ್ಗವೆಂದು ಅವರ ಲೆಕ್ಕ. ದಂಡ ಹಾಕಲೇಬೇಕೆಂದಿದ್ದರೆ ಮೇವಿನ ಬೆಲೆಗಿಂತ ಬಹಳ ಮೇಲಿರಬೇಕು. ಹಾಗಾಗದಿದ್ದರೆ ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಳ್ಳುವ ಹಿಂದಿನ ಪದ್ಧತಿಯೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಒಮ್ಮೆ ಕೆಟ್ಟದ್ದು ಹಿಂದಕ್ಕೆ ಬರುವುದು ಕಷ್ಟವೆಂಬುದನ್ನೂ ಹೈಫಾದವರೇ ತೋರಿಸಿದ್ದಾರೆ.

ಕೊಟ್ಟದ್ದನ್ನು ಕಡಮೆ ಮಾಡುವುದರಲ್ಲಿಯೂ ಒಂದು ಅಪಾಯವಿದೆ. ಟಿಂಕಲ್‌ಪಾ ಎಂಬವರು 1928ರಲ್ಲಿ ಪ್ರಕಟಿಸಿದ ಪ್ರಯೋಗ: ಮಂಗನ ಕಣ್ಣೆದುರಿಗೆ ಬಟ್ಟಲಿನ ಕೆಳಗೆ ಬಾಳೆಹಣ್ಣು ಮುಚ್ಚಿಟ್ಟು, ಅದಕ್ಕೆ ಕಾಣದಂತೆ ಹಣ್ಣನ್ನು ತೆಗೆದು ಲೆಟ್ಯೂಸ್ ಸೊಪ್ಪನ್ನಿಟ್ಟರು. ಬೇರೆ ದಿನ ಸಂತೋಷದಿಂದ ತಿನ್ನುವ ಅದೇ ಸೊಪ್ಪನ್ನು ಅಂದು ಅದು ಮುಟ್ಟಲಿಲ್ಲ. ಸುತ್ತಲೂ ಹುಡುಕಿ, ಸೊಪ್ಪನ್ನು ಅಲ್ಲಿಯೇ ಬಿಟ್ಟುಹೋಯಿತು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಂದು ಹಾಲಿನ ಸಂಘದವರು ಹಬ್ಬಕ್ಕೆ ಬೋನಸ್ಸು ಕೊಟ್ಟು, ಮರುವರ್ಷ ಅರ್ಧ ಮಾಡಿದರು. ಎಂದೂ ಬೋನಸ್ಸು ಕಾಣದ ಪಕ್ಕದ ಊರಿನವರು ಸುಮ್ಮನೆ ಹಾಲು ಹಾಕುತ್ತಿದ್ದರು. ಅರ್ಧ ಬೋನಸ್ಸು ಪಡೆದವರು ಕ್ಯಾನು ತಿರುಗಿಸಿಕೊಂಡು ಖಾಸಗಿ ವ್ಯಾನಿಗೆ ಹೋದರು. ಸಂಘದ ಪದಾಧಿಕಾರಿಗಳು ಇಲ್ಲಿಯೂ ಕೆಲವರು ಕುಳಿತಿದ್ದೀರಿ. ಏರಿಸುವ ದಿನವೇ ಮುಂದಿನ ವರ್ಷದ ಮಾತನ್ನು ಜನಕ್ಕೆ ಬಿಚ್ಚಿ ಹೇಳಿಬಿಡುವುದು ಒಳ್ಳೆಯದು.

ಬಿಟ್ಟು ಬಿಟ್ಟು ಸಿಗುವುದರ ಬಲ ನಮ್ಮ ಮೇಲೆಯೇ ಎಷ್ಟಿದೆ ಎಂಬುದಕ್ಕೆ ಟೊಮೇಟೊ ಸಾಕು. 2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಪೆಟ್ಟಿಗೆ 2,000 ರೂಪಾಯಿ ದಾಟಿತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಕುಸಿದುಬಿತ್ತು. ಆ ಒಂದು ಜುಲೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಎಷ್ಟು ಸಲ ಸಸಿ ತಂದು ನೆಟ್ಟಿದ್ದೀರಿ, ಎಷ್ಟು ಸಲ ಕೀಳುವ ಕೂಲಿಯೂ ಹುಟ್ಟದೆ ಹೊಲದಲ್ಲಿಯೇ ಬಿಟ್ಟಿದ್ದೀರಿ ಎಂಬುದನ್ನು ತಾವೇ ಎಣಿಸಿಕೊಳ್ಳಿ. ನೆಡಬೇಡಿ ಎನ್ನುವುದಿಲ್ಲ. ಐದು ವರ್ಷದ ಜಮಾಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು, ಆ ಹಾಳೆಯನ್ನು ನೋಡಿ ನೆಡಿ. ಬರೆಯುವುದಕ್ಕೆ ನಾನು ಕುಳಿತುಕೊಡುತ್ತೇನೆ.

ಈಗ ಮಂಗಗಳ ವಿಷಯದಲ್ಲಿ ನನ್ನ ಸಲಹೆ. ಈ ಶ್ರಾವಣದಲ್ಲಿ ನಿಲ್ಲಿಸಬೇಡಿ. ಪರಸ್ಥಳದ ಜನ ನೂರಾರು ಬರುತ್ತಾರೆ. ಅವರ ಕೈಯನ್ನು ನಾವು ಹಿಡಿಯಲಾರೆವು. ನಮ್ಮವರು ನಿಲ್ಲಿಸಿ ಅವರು ಹಾಕಿದರೆ ಅದು ಬಿಟ್ಟು ಬಿಟ್ಟು ಕೊಟ್ಟಂತೆಯೇ. ಅದಲ್ಲದೆ ಜೋರು ಹೆಚ್ಚುವ ಕಾಲ ನೆಲಗಡಲೆ ಕಾಯಿಕಟ್ಟುವ, ಮುಸುಕಿನ ಜೋಳ ಹಾಲುಗಟ್ಟುವ ಕಾಲಕ್ಕೇ ಬೀಳುತ್ತದೆ. ಅಲ್ಲಿಯವರೆಗೆ ಹೊಲಕ್ಕೆ ಸರದಿಯ ಕಾವಲು ಹಾಕುವುದೇ ದಾರಿ. ಬೆದರುಬೊಂಬೆ ನಿಲ್ಲಿಸುವವರು ಎರಡು ದಿನಕ್ಕೊಮ್ಮೆ ಅದರ ಜಾಗ ಬದಲಾಯಿಸಿ. ಅಲುಗದ ಬೊಂಬೆಯಿಂದ ಏನೂ ಆಗದೆಂದು ಅವು ಬಹು ಬೇಗ ಕಲಿಯುತ್ತವೆ. ಹಿಡಿದು ಬೇರೆ ಊರಿನ ಬಳಿ ಬಿಡುವ ಯೋಚನೆ ಬೇಡ, ನಮ್ಮ ಕಷ್ಟವನ್ನು ಇನ್ನೊಬ್ಬರ ಹೊಲಕ್ಕೆ ದಾಟಿಸಿದಂತಾಗುತ್ತದೆ.

ನಿಲ್ಲಿಸುವುದು ಮಾಘದಲ್ಲಿ, ಅವರೆಕಾಯಿ ಮುಗಿದು ಹೊಲ ಬರಿದಾದ ಮೇಲೆ. ಆದರೆ ಅಂದು ಒಂದು ಬುಟ್ಟಿಯೂ ಸೋರಬಾರದು. ಇನ್ನುಳಿದ ತಿಂಗಳುಗಳು ಅದರ ಸಿದ್ಧತೆಗೇ ಬೇಕು. ಗುಡಿಯ ಹಿಂದಿನ ಎಂಜಲೆಲೆಯ ತೊಟ್ಟಿಗೆ ಮುಚ್ಚಳ ಆಗಬೇಕು. ಮೆಟ್ಟಿಲ ಬುಡದಲ್ಲಿ ದಿನವೂ ಇಬ್ಬರು ನಿಂತು ಬಂದವರಿಗೆ ವಿನಯದಿಂದ ಹೇಳಬೇಕು. ಹೆಂಚಿನ ಮನೆಯವರು ಕಿಟಕಿ, ಬೆಳಕಿಂಡಿಗಳಿಗೆ ಜಾಲರಿ ಹಾಕಿಕೊಳ್ಳಬೇಕು. ಶಾಲೆಯ ಮಕ್ಕಳು ಗುಂಪಾಗಿ, ದೊಡ್ಡವರೊಬ್ಬರ ಜೊತೆ ಬರಬೇಕು. ನಾಲ್ಕನೆಯ ದಿನ ಕೆಟ್ಟದಾಗುತ್ತದೆ, ಒಂಬತ್ತನೆಯ ದಿನ ಇನ್ನೂ ಕೆಟ್ಟದಾಗಬಹುದು. ಎಷ್ಟು ದಿನವೆಂದು ಈ ಸಲ ನಾನು ಮಾತು ಕೊಡುವುದಿಲ್ಲ. ಹೆಂಚು ತೆಗೆದದ್ದು, ಬುಟ್ಟಿ ಕಿತ್ತದ್ದು ದಿನಕ್ಕೆ ಎಷ್ಟು ಸಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಗುಡಿಯ ಕಂಬಕ್ಕೆ ಕಟ್ಟುತ್ತೇನೆ. ಇಳಿಯತೊಡಗಿದ ದಿನ ಎಲ್ಲರ ಕಣ್ಣಿಗೂ ಬೀಳಲಿ.

ಅರ್ಚಕರು ಒಂದು ಮಾತು ಕೇಳಿದರು. ಸ್ವಾಮಿಯ ಸೈನ್ಯಕ್ಕೆ ಅನ್ನ ನಿಲ್ಲಿಸಿದ ಪಾಪ ಯಾರ ತಲೆಗೆ ಎಂದು. ಅದಕ್ಕೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಅತ್ತಿ, ನೇರಳೆ ಸಸಿಗಳನ್ನು ಹಚ್ಚೋಣ, ಹರಕೆ ಹೊತ್ತವರು ಹಣ್ಣಿನ ಬದಲು ಒಂದೊಂದು ಸಸಿಗೆ ನೀರು ಹೊರಲಿ ಎಂದೆ. ಯೋಚಿಸುತ್ತೇನೆ ಎಂದಿದ್ದಾರೆ. ಅರಣ್ಯದವರ ಅನುಮತಿಗೆ ಅರ್ಜಿ ಬರೆದಿದ್ದೇನೆ.

ಉಳಿದದ್ದು ಮೆಟ್ಟಿಲ ಬುಡದ ಬಾಳೆಹಣ್ಣಿನ ಅಂಗಡಿ. ಕಳೆದ ಮಾಘದಲ್ಲಿ ನಾವು ಯಾರೂ ಆ ತಾಯಿಯನ್ನು ಒಂದು ಮಾತು ಕೇಳಲಿಲ್ಲ. ಮೊನ್ನೆ ಕೇಳಿದೆ. ‘ನೀವು ಮಂಗನಿಗೆ ಒಂಬತ್ತು ದಿನ ಆಯ್ತು ಅಂತ ಲೆಕ್ಕ ಹೇಳ್ತೀರಿ ಸ್ವಾಮಿ, ನನಗೂ ಒಂಬತ್ತು ದಿನ ಆಯ್ತು’ ಎಂದರು. ಅವರ ಮನೆಯ ಒಲೆ ಆ ಗೊನೆಗಳಿಂದ ಉರಿಯುತ್ತದೆ. ಅವರು ನಿಂತಲ್ಲಿ ಯಾರು ನಿಂತರೂ ಹತ್ತನೆಯ ದಿನ ಹಣ್ಣು ಮಾರುತ್ತಾರೆ. ಮಹಿಳಾ ಸಂಘದವರು ಮಂಡಕ್ಕಿ, ಹುರಿಗಡಲೆ, ತೆಂಗಿನಕಾಯಿ ಮಾರಾಟಕ್ಕೆ ಮುಂಗಡ ಕೊಡುವುದಾಗಿಯೂ, ಅದನ್ನು ಗುಡಿಯ ಒಳಗಿನ ಮಂಟಪದಲ್ಲಿಯೇ ಮನುಷ್ಯರಿಗೆ ಹಂಚುವುದಾಗಿಯೂ ಹೇಳಿದ್ದಾರೆ. ಮೊದಲ ತಿಂಗಳುಗಳಲ್ಲಿ ವ್ಯಾಪಾರ ಕುಂದಿದರೆ ಎಷ್ಟನ್ನು ಊರು ತುಂಬಿಕೊಡುವುದು, ಎಷ್ಟು ತಿಂಗಳು, ಹೇಗೆ ಇಳಿಸುವುದು ಎಂಬುದು ಇನ್ನೂ ಗೊತ್ತಾಗಿಲ್ಲ. ಬರುವ ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅರಳಿಕಟ್ಟೆಯ ಬಳಿ ಸೇರಿ ಅದೊಂದನ್ನು ನಿಶ್ಚಯ ಮಾಡೋಣ. ಆ ತಾಯಿಯೂ ಬರುತ್ತೇನೆಂದಿದ್ದಾರೆ; ಈ ಸಲ ಮೊದಲ ಮಾತು ಅವರದಾಗಲಿ.